ಬೆಟ್ಟದ ತುದಿಯ ಮರ

ಕೇಳುಗರೆಲ್ಲರಿಗೂ ನಮಸ್ಕಾರ.

ಕವಿತೆಯಲ್ಲಿ ಪ್ರಕೃತಿ ಅಂದ ಕೂಡಲೇ ಹೆಚ್ಚಿನವರ ಕಣ್ಣಿಗೆ ಬರುವುದು ಮಲೆನಾಡು. ಹಸಿರು, ಮಂಜು, ಜಡಿಮಳೆ. ಚಿತ್ರದುರ್ಗದ ನಮಗೆ ಇರುವುದು ಬಂಡೆ, ಜಾಲಿ, ಸೀತಾಫಲದ ಗಿಡ, ಮೇಲೆ ಸುಡುವ ಬಿಸಿಲು. ನಮ್ಮೂರು ಕವಿತೆಗೆ ಆಗಿಬರುವ ಊರಲ್ಲ ಅಂತ ಶಾಲೆಯ ದಿನಗಳಲ್ಲಿ ನನಗೆ ಅನ್ನಿಸುತ್ತಿತ್ತು. ನಾನೂ ಕವಿತೆಗೆ ಆಗಿಬರುವವನಲ್ಲ ಅನ್ನಿಸುತ್ತಿತ್ತು. ಯಾಕಂದರೆ ನನಗೆ ಉಗ್ಗು. ಪದ್ಯ ಓದಲು ಎದ್ದು ನಿಂತರೆ ಮೊದಲ ಅಕ್ಷರವೇ ಹೊರಡುತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ನಗು.

ಆಗ ನನ್ನ ಕೈ ಹಿಡಿದದ್ದು ಕನಕದಾಸರ ಒಂದು ಕೀರ್ತನೆ. ‘ತಲ್ಲಣಿಸದಿರು ಕಂಡ್ಯ ತಾಳು ಮನವೇ’. ನಿಮಗೆಲ್ಲ ಗೊತ್ತಿರುವುದೇ. ಬೆಟ್ಟದ ತುದಿಯಲ್ಲಿ ಹುಟ್ಟಿದ ಮರಕ್ಕೆ ಕಟ್ಟೆ ಕಟ್ಟಿ ನೀರೆರೆದವರು ಯಾರು ಅಂತ ದಾಸರು ಕೇಳುತ್ತಾರೆ. ಕಲ್ಲಿನಲ್ಲಿ ಹುಟ್ಟಿ ಕೂಗುವ ಕಪ್ಪೆಗೆ ಅಲ್ಲಲ್ಲೇ ಆಹಾರ ತಂದುಕೊಟ್ಟವರು ಯಾರು?

ಇದು ನಮ್ಮ ಕೋಟೆಯ ಚಿತ್ರವೇ ಅಲ್ವಾ? ಕೋಟೆಯ ಪಕ್ಕದ ಚಂದ್ರವಳ್ಳಿಗೆ ಹೋಗಿ ನೋಡಿ. ಬಂಡೆಯ ಸಂದಿಯಲ್ಲಿ ಬೇರು ಇಳಿಸಿ ನಿಂತ ಮರಗಳು ಎಷ್ಟೋ ಇವೆ. ಒಂದು ಸೊಟ್ಟ, ಒಂದು ಗಿಡ್ಡ. ಬಿರುಕು ಯಾವ ಕಡೆ ದಾರಿ ಬಿಟ್ಟಿದೆಯೋ ಆ ಕಡೆ ಬೇರು. ದೇವರು ಎಲ್ಲರನ್ನೂ ಸಲಹುತ್ತಾನೆ, ಸಂಶಯ ಬೇಡ, ಇದು ಕೀರ್ತನೆ ಹೇಳುವ ಮಾತು. ಅದರ ಜೊತೆಗೆ ನನಗೆ ಇನ್ನೊಂದೂ ಕೇಳಿಸಿತು. ದನಿ ಇಂಪಾಗಿರುವ ಕಪ್ಪೆಗೆ ಮಾತ್ರ ಊಟ ಅಂತ ದಾಸರು ಎಲ್ಲೂ ಹೇಳಿಲ್ಲ. ಮರ ನೆಟ್ಟಗಿರಬೇಕು ಅಂತಲೂ ಹೇಳಿಲ್ಲ. ನವಿಲಿನ ಬಣ್ಣ, ಗಿಳಿಯ ಸವಿಮಾತು ಇದೇ ಹಾಡಿನಲ್ಲಿವೆ. ಅದೇ ಹಾಡಿನಲ್ಲಿ, ಅಷ್ಟೇ ಮರ್ಯಾದೆಯಿಂದ, ಕಪ್ಪೆಗೂ ಜಾಗವಿದೆ.

ಉಗ್ಗುವವರಲ್ಲಿ ಹೆಚ್ಚಿನವರಿಗೆ ಹಾಡುವಾಗ ಮಾತು ತಡೆಯುವುದಿಲ್ಲ. ರಾಗದ ಜೊತೆ ಸಾಲು ಸಲೀಸಾಗಿ ಬರುತ್ತದೆ. ನನಗೂ ಹಾಗೆಯೇ. ಚಂದ್ರವಳ್ಳಿಯ ಬಂಡೆಯ ಮೇಲೆ ಕೂತು ಜೋರಾಗಿ ಹಾಡುತ್ತಿದ್ದೆ. ಆಮೇಲೆ ಅದೇ ಸಾಲನ್ನು ರಾಗ ಬಿಟ್ಟು ಸುಮ್ನೆ ಹೇಳುತ್ತಿದ್ದೆ. ತಡೆಯುತ್ತಿತ್ತು. ತಡೆದರೂ ಪೂರ್ತಿ ಹೇಳುತ್ತಿದ್ದೆ. ನನ್ನ ಬಾಯಿಂದ ಪದ ಕಿತ್ತುಕೊಂಡು ಮುಗಿಸುವವರು ಅಲ್ಲಿ ಯಾರೂ ಇರಲಿಲ್ಲ. ಉಗ್ಗು ಇವತ್ತಿಗೂ ಇದೆ, ನೀವೇ ಕೇಳಿಸಿಕೊಳ್ಳುತ್ತಿದ್ದೀರಿ. ನಾಚಿಕೆ ಹೋಯಿತು.

12ನೇ ಶತಮಾನದ ಅಕ್ಕಮಹಾದೇವಿಯೂ ಜನರ ಪ್ರಶ್ನೆಗಳನ್ನು ಎದುರಿಸಿದವಳು. ಬಟ್ಟೆ ಬಿಟ್ಟವಳು ಕೂದಲನ್ನೇಕೆ ಹೊದ್ದೆ ಅಂತ ಕಲ್ಯಾಣದಲ್ಲಿ ಅವಳನ್ನು ಕೇಳಿದರು ಎಂದು ಶರಣರ ಮಾತುಕತೆಗಳ ಗ್ರಂಥ ಶೂನ್ಯಸಂಪಾದನೆ ಹೇಳುತ್ತದೆ. ಅದೇ ಅಕ್ಕ ತನ್ನ ವಚನದಲ್ಲಿ ಗಿಳಿ, ಕೋಗಿಲೆ, ತುಂಬಿ, ಹಂಸೆಗಳನ್ನು ಮಾತನಾಡಿಸುತ್ತಾಳೆ. ಗಿರಿಗಹ್ವರದೊಳಗಾಡುವ ನವಿಲುಗಳಿರಾ, ನೀವು ಕಾಣಿರೇ, ನನ್ನ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಅನ್ನುತ್ತಾಳೆ. ಅಲ್ಲಿ ಅವಳು ಯಾರಿಗೂ ತನ್ನ ಬಗ್ಗೆ ವಿವರಣೆ ಕೊಡಬೇಕಿಲ್ಲ. ನನಗೆ ಆ ವಚನದ ದೊಡ್ಡ ಸಮಾಧಾನ ಅದೇ.

ನಮ್ಮ ಜಿಲ್ಲೆಯ ಹಿರಿಯೂರಿನ ಬಳಿಯ ಮಾರಿಕಣಿವೆ ಜಲಾಶಯದ ಮೇಲೂ ಯಾರಾದರೂ ಪದ್ಯ ಬರೆಯಬೇಕು. 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಕಳೆದ ಮೇಲೆ. ಜನ ಹಿರಿಯೂರಿಗೆ ಹೋಗಿ ಕಣ್ತುಂಬ ನೋಡಿ ಬಂದರು. ಯಾಕಿಷ್ಟು ತಡ ಅಂತ ಯಾರೂ ಅದನ್ನು ಬೈಯಲಿಲ್ಲ.

ಕೊನೆಯಲ್ಲಿ ಅಪ್ಪ ಅಮ್ಮಂದಿರಿಗೆ, ಮೇಷ್ಟರುಗಳಿಗೆ ಒಂದು ವಿನಂತಿ. ನಿಮ್ಮ ಮಕ್ಕಳಲ್ಲಿ ಯಾರಾದರೂ ಉಗ್ಗುತ್ತಿದ್ದರೆ ಒಂದು ಕೀರ್ತನೆ ಹೇಳಿಕೊಡಿ. ಬೆಟ್ಟದ ಹತ್ತಿರವೋ ಕೆರೆಯ ಹತ್ತಿರವೋ ಕರೆದುಕೊಂಡು ಹೋಗಿ ಹಾಡಿಸಿ. ಮಗು ಮಾತಾಡುವಾಗ ಪದ ತಡೆದರೆ ನೀವು ಮುಗಿಸಿಕೊಡಬೇಡಿ. ಜಾಸ್ತಿ ಹೊತ್ತು ಹಿಡಿಯಬಹುದು. ಅದು ಹೇಳಿ ಮುಗಿಸುವವರೆಗೆ ಕಾಯಿರಿ.

ನಮಸ್ಕಾರ.