ಫ್ಲ್ಯಾಶನ್ನ ಮುಖದ ಸನೇಕ ತರ್ರಿ

ಎಲ್ಲಾರಿಗೂ ಶರಣು. ಇವತ್ತು ಆಗಸ್ಟ್ 19. 1839ರಾಗ ಡಗೇರ ಅನ್ನೋ ಫ್ರಾನ್ಸಿನಾವನ ಫೋಟೋ ತೆಗಿಯೋ ವಿದ್ಯೆಯನ್ನ ಪ್ಯಾರಿಸ್ಸಿನಾಗ ಎಲ್ಲಾರ ಮುಂದ ಬಿಚ್ಚಿಟ್ಟ ದಿನ ಅಂತ ನಾವು ಕ್ಯಾಮೆರಾದವರು ಸೇರತೀವಿ. ಆ ಇತಿಹಾಸ ನಿಮಗ ಗೊತ್ತಿದ್ದದ್ದ. ನಾ ಬಂದದ್ದು ಈ ಡಬ್ಬಿ ಸಲುವಾಗಿ. ಫ್ಲ್ಯಾಶಿನ ತಲಿಗೆ ಸಿಗಿಸಿ ಬೆಳಕು ಮೆತ್ತಗ ಮಾಡೋ ಪುಟ್ಟ ಸಾಫ್ಟ್‌ಬಾಕ್ಸ್, ಅಗಲ 20 ಸೆಂ.ಮೀ., ಮುಂದ ಬಿಳಿ ಬಟ್ಟಿ. ಬಾಗಲಕೋಟಿಯ ಭಾಳ ಸ್ಟುಡಿಯೋದಾಗ ಇಂಥಾದೊಂದು ಮೂಲ್ಯಾಗ ಬಿದ್ದಿರತೈತಿ. "ಹಾಕಿ ನೋಡಿದೆ, ಏನೂ ಫರಕ ಬೀಳಲಿಲ್ಲ" ಅಂತೀರಿ. ಡಬ್ಬಿ ತಪ್ಪಲ್ಲರಿ. ನೀವು ಅದನ್ನ ದೂರ ಇಟ್ಟೀರಿ.

ನಾನೂ ದೂರ ಇಟ್ಟಾವನ. ಗುಳೇದಗುಡ್ಡದಾಗ ಖಣ ನೇಯೋ ಒಬ್ಬ ಆಯಿ ಫೋಟೋ ತೆಗೀಬೇಕಿತ್ತು. ಹಳೇ ಮಾಳಿಗಿ ಮನಿ. ನೆಲದ ಕುಣಿಯಾಗ ಕಾಲು ಇಳಿಬಿಟ್ಟು ಮಗ್ಗದ ಮುಂದ ಕುಂತಿದ್ದಳು. ಫ್ಲ್ಯಾಶ್ ಮ್ಯಾಲ ತಿರುವಿ ಮಾಳಿಗಿಗೆ ಬಡದು ಬೆಳಕು ಕೆಳಗ ಬೀಳೋಹಂಗ ಬೌನ್ಸ್ ಮಾಡಿದೆ, ಹೊಗಿ ಹಿಡಿದ ಜಂತಿ ಬೆಳಕೆಲ್ಲಾ ನುಂಗಿತು. ಗ್ವಾಡಿಗೆ ಹೊಡದೆ, ಗ್ವಾಡಿ ಹಸರು, ಆಯಿ ಗಲ್ಲಾನೂ ಹಸರಾತು. ಕಡೀಕ ಈ ಡಬ್ಬಿ ಹಾಕಿ, ಸ್ಟ್ಯಾಂಡ್ ಮ್ಯಾಲ ಎರಡು ಮೀಟರ್ ದೂರ ನಿಲ್ಲಿಸಿ ಒಂದು ತಗದೆ. ಪರದೆ ಮ್ಯಾಲ ತೋರಿಸಿದರ ಆಯಿ ಹೌಹಾರಿ, "ತಮ್ಮಾ, ನನಗ ಮೀಸಿ ಬರದೀಯಲ್ಲೋ!" ಅಂದಳು. ಖರೇನ. ಮೂಗಿನ ನೆರಳು ತುಟಿ ಮ್ಯಾಲ ಮಸಿ ಬಳದಂಗ ಕುಂತಿತ್ತು.

ಸ್ಟ್ಯಾಂಡ್ ಮುಂದ ತರಾಕ ಮಗ್ಗ ಅಡ್ಡ. ಆಕಿ ಮೊಮ್ಮಗ ಒಂಬತ್ತನೇತ್ತಾ ಹುಡುಗ. ಫ್ಲ್ಯಾಶ್ ಅವನ ಕೈಯಾಗ ಕೊಟ್ಟೆ. ಮಗ್ಗದ ಹಾಸಿನ ನೂಲಿನ ಮ್ಯಾಲ ಕೈ ಚಾಚಿ, ಆಯಿ ಹಣಿಗಿಂತ ತುಸು ಮ್ಯಾಲ, ಎಡಕ್ಕ, ಅರ್ಧ ಮೀಟರ್ ಸನೇಕ ಹಿಡಿದ. ಮೀಸಿ ಹೋತು! ನೆರಳು ಇತ್ತು, ಅದರ ಅಂಚು ಮಾತ್ರ ಗಲ್ಲದಾಗ ಕರಗಿತ್ತು. ಸುಕ್ಕು ಒಂದೊಂದೂ ಕಾಣತಿತ್ತು, ಯಾವುದೂ ಚುಚ್ಚತಿರಲಿಲ್ಲ. ಕಣ್ಣಾಗ ಒಂದು ಸಣ್ಣ ಚೌಕದ ಹೊಳಪು.

ಯಾಕಂದ್ರ, ಮುಖಕ್ಕ ದೀಪ ಎಷ್ಟು ದೊಡ್ಡದಾಗಿ ಕಾಣತೈತೋ ನೆರಳಿನ ಅಂಚು ಅಷ್ಟು ಮೆತ್ತಗ. ಎರಡು ಮೀಟರ್ ದೂರದ 20 ಸೆಂ.ಮೀ. ಡಬ್ಬಿ, ಮುಖದ ಲೆಕ್ಕದಾಗ ಅರ್ಧ ಮೀಟರ್ ದೂರದ 5 ಸೆಂ.ಮೀ. ದೀಪಕ್ಕ ಸಮ. ಅಂದ್ರ ಬರೇ ಫ್ಲ್ಯಾಶ್ ತಲಿ! ಡಬ್ಬಿಗೆ ಕೊಟ್ಟ ರೊಕ್ಕ ದೂರದಾಗ ಕರಗಿತು. ಹಗಲೆಲ್ಲಾ ಅದನ್ನ ಹೇಳತೀನಿ ಅಂತ ಬ್ಯಾಸರ ಮಾಡಬ್ಯಾಡ್ರಿ, ಸನೇಕ ತರ್ರಿ. ನಾಕು ಪಟ್ಟು ಸನೇಕ ಬಂದರ ಬೆಳಕು 16 ಪಟ್ಟು. ಪೂರಾ ಪವರ್ ಬೇಕಿದ್ದಲ್ಲಿ 1/16 ಸಾಕು. ಸೆಲ್ ಬಾಳತಾವು, ಫ್ಲ್ಯಾಶ್ ಮರುಕ್ಷಣ ತಯಾರ. ಇನ್ನ ಹಿಂದಿನ ಹಸರು ಗ್ವಾಡಿ, ಆಯಿಯಿಂದ ಎರಡು ಮೀಟರ್. ಮೊದಲ ಅದಕ್ಕ ಮುಖದ ಕಾಲುಭಾಗ ಬೆಳಕು ಬೀಳತಿತ್ತು, ಈಗ 25ರಾಗ ಒಂದು ಪಾಲು. ಗ್ವಾಡಿ ತಾನ ಕತ್ತಲಿಗೆ ಸರೀತು. ಬಾಗಲ ಬೆಳಕು ಬೇಕನಿಸಿ ಶಟರ್ 1/60 ಸೆಕೆಂಡಿಗೆ ಇಳಿಸಿ ತುಸು ಹೆಚ್ಚು ಹೊತ್ತು ತೆರೆದಿಟ್ಟೆ, ಆಕಿ ಬೆನ್ನ ಹಿಂದ ಖಣದ ಕೆಂಪು ಮೆಲ್ಲಕ ಎದ್ದು ಬಂತು.

ಆ ಫೋಟೋದಾಗ ಆಯಿ ಕಪ್ಪಗ ಅದಾಳ, ಹೆಂಗದಾಳೋ ಹಂಗ. ಬೆಳ್ಳಗ ಮಾಡಬ್ಯಾಡ್ರಿ. ಬಿಸಿಲಾಗ ಬೆಂದ ಚರ್ಮಕ್ಕ ಅದರದ ಒಂದು ಹೊಳಪೈತಿ. ಬೆಳಕು ಮೃದು ಇದ್ದರ ಅದು ತಾನ ಕಾಣತೈತಿ. ಮದುವಿಯಾಗ ಹದಿನೈದು ಮಂದಿ ಸಾಲು ನಿಂತರ ಈ ಡಬ್ಬಿ ನಡ್ಯಾಂಗಿಲ್ಲ, ಅಲ್ಲೆ ಫ್ಲ್ಯಾಶಿಗೆ ಹಾಕೋ ದೊಡ್ಡ ಛತ್ರಿ ತಗೀರಿ. ಇದು ಒಂದು ಮುಖದ ದೀಪ.

ಚೀಟಿ ಬಂತು, ವ್ಯಾಳ್ಯಾ ಆತಂತ. ಜೆಲ್, ಅಂದ್ರ ಫ್ಲ್ಯಾಶಿಗೆ ಹಚ್ಚೋ ಬಣ್ಣದ ಹಾಳಿ, ಅದರ ಬಗ್ಗೆ ಒಂದ ಮಾತು. ಹಳದಿ ಬಲ್ಬಿನ ಮನ್ಯಾಗ ಫ್ಲ್ಯಾಶಿಗೆ ಕಿತ್ತಳೆ ಹಾಳಿ ಹಚ್ಚಿ, ಕ್ಯಾಮೆರಾದಾಗ ಬಣ್ಣ ಸರಿಮಾಡೋ ವೈಟ್ ಬ್ಯಾಲೆನ್ಸ್ ಬಲ್ಬಿಗೆ ಇಡ್ರಿ. ದೂರದಿಂದ ಫ್ಲ್ಯಾಶ್ ಹಾರಿಸೋ ಟ್ರಿಗರ್ ಮಾತು ಚಹಾದಾಗ ಆಡೋಣ.

ತಮ್ಮಾ, ಈ ಹಾಲ್‌ದಾಗಿನ ದೀಪ ಆರಸು. ಮುಂದಿನ ಸಾಲಿನ ಕಾಕಾರು, ನೀವ ಬರ್ರಿ. ಕನ್ನಡಕ ತಗೀಬ್ಯಾಡ್ರಿ, ಡಬ್ಬಿ ಒಂದು ಗೇಣು ಮ್ಯಾಲ ಎತ್ತಿದರ ಗಾಜಿನ ಮಿಂಚು ಹೋಗತೈತಿ. ಯಾರಾರ ಒಬ್ಬರು ಇದನ್ನ ಹಿಡೀರಿ. ಇನ್ನಾ ಸನೇಕ. ಇನ್ನಾ.