ಜೂನ್‌ನಲ್ಲಿ ನಿಮ್ಮ ಯಂತ್ರ ಎಲ್ಲಿರುತ್ತದೆ?

(ಇಂಜಿನಿಯರ್‌ಗಳ ದಿನದಂದು ಕೊಡಗಿನ ಕಾಲೇಜೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಹಿಂದೆ ಕೂತವರಿಗೆ ಕೇಳಿಸುತ್ತಿದೆಯಾ? ಕೇಳಿಸದವರು ಕೈ ಎತ್ತಿ. ಯಾರೂ ಎತ್ತಲಿಲ್ಲ. ಎರಡು ಅರ್ಥ ಇರಬಹುದು, ಹೋಗಲಿ ಬಿಡಿ.

ಮೇಜಿನ ಮೇಲೆ ಗೋಣಿಚೀಲದಲ್ಲಿ ಸುತ್ತಿದ ಒಂದು ಡಬ್ಬಿ ಇದೆ. ಪ್ರಿನ್ಸಿಪಾಲರು ನೋಡಿದ ಕೂಡಲೇ "ತೋಟದ ಕಾಫಿ ತಂದಿದ್ದೀರಾ ಸಾರ್?" ಅಂದರು. ಕ್ಷಮಿಸಿ ಸಾರ್, ಕಾಫಿ ಅಲ್ಲ. ಮೇ ತಿಂಗಳ ಕೊನೆಯಲ್ಲಿ ಸುತ್ತಿ, ಮಡಿಕೇರಿ ಹತ್ತಿರದ ನಮ್ಮ ಮಾವನ ತೋಟದ ಗೋಡೌನಿನಲ್ಲಿ ಇಟ್ಟಿದ್ದೆ. ಇವತ್ತು ಬೆಳಿಗ್ಗೆ ಹಾಗೇ ಎತ್ತಿಕೊಂಡು ಬಂದೆ. ಒಳಗೆ ಏನಾಗಿದೆ ಅಂತ ನನಗೂ ಗೊತ್ತಿಲ್ಲ. ಕೊನೆಯಲ್ಲಿ ಬಿಚ್ಚೋಣ.

ನನ್ನನ್ನು ಪರಿಚಯಿಸುವಾಗ ಇಂಜಿನಿಯರ್, ಉದ್ಯಮಿ, ಅಧ್ಯಾಪಕ ಅಂದರು. ಕೇಳೋಕೆ ಚೆನ್ನಾಗಿದೆ. ನಮ್ಮಮ್ಮ ಇದನ್ನೇ ಬೇರೆ ತರ ಹೇಳುತ್ತಾರೆ, "ಇವನು ಒಂದು ಕಡೆ ನೆಟ್ಟಗೆ ಕೂರಲಿಲ್ಲ" ಅಂತ. ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಅಮ್ಮನಿಗೆ ಕೊಡಬೇಕಾದ ಉತ್ತರವೇ. ಈ ಮೂರೂ ಬೇರೆ ಬೇರೆ ಕೆಲಸ ಅಲ್ಲ, ಒಂದೇ ಕೆಲಸ. ವರ್ಷದ ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ಹಾಗೆ ಕಾಣುತ್ತದೆ, ಅಷ್ಟೇ.

ಇವತ್ತು ಸೆಪ್ಟೆಂಬರ್ 15. ವಿಶ್ವೇಶ್ವರಯ್ಯನವರ ಹುಟ್ಟಿದ ದಿನ. ಅವರ ಶಿಸ್ತು, ಪೇಟ, ಸಮಯಪಾಲನೆ ಎಲ್ಲ ಬೆಳಿಗ್ಗೆಯಿಂದ ಕೇಳಿದ್ದೀರಿ. ನನಗೆ ಅವರಲ್ಲಿ ತುಂಬಾ ಇಷ್ಟವಾದದ್ದು ಒಂದು ಗೇಟು. ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟಿನಲ್ಲಿ 1903ರಲ್ಲಿ ಅವರ ಸ್ವಯಂಚಾಲಿತ ಗೇಟುಗಳನ್ನು ಹಾಕಿದರು. ನೀರು ಒಂದು ಮಟ್ಟ ದಾಟಿದರೆ ಗೇಟು ತಾನೇ ತೆರೆದುಕೊಳ್ಳುತ್ತದೆ, ಇಳಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಅದಕ್ಕೆ ಪೇಟೆಂಟನ್ನೂ ಪಡೆದಿದ್ದರು. ಯೋಚನೆ ಮಾಡಿ. ಮಧ್ಯರಾತ್ರಿ, ಜೋರು ಮಳೆ, ಕಾವಲಿನವನು ಮಲಗಿದ್ದಾನೆ, ಇಂಜಿನಿಯರ್ ಊರಲ್ಲೇ ಇಲ್ಲ. ಆಗಲೂ ಗೇಟು ತನ್ನ ಕೆಲಸ ಮಾಡಬೇಕು. ಅವರು ಮಳೆಗಾಲಕ್ಕೆ ಅಂತಲೇ ಯಂತ್ರ ಮಾಡಿದರು. ನಾವೆಲ್ಲ ಮಾಡುವುದು ಬೇಸಿಗೆಯ ಯಂತ್ರ.

ಈಗ ನನ್ನ ಕಥೆಗೆ ಬರುತ್ತೇನೆ. ಇದನ್ನು ಮೊದಲೇ ಕೇಳಿದ ಮೇಷ್ಟ್ರುಗಳು ಇಲ್ಲಿದ್ದಾರೆ, ಅವರು ಹೊರಗೆ ಹೋಗಿ ಒಂದು ಕಾಫಿ ಕುಡಿದು ಬರಬಹುದು.

ಬೆಂಗಳೂರಿನಲ್ಲಿ ಕೆಲಸ ಬಿಟ್ಟು ಬಂದ ವರ್ಷ. ಜನವರಿ. ಮಾವನ ಕಣದಲ್ಲಿ ರೋಬಸ್ಟಾ ಚೆರ್ರಿ, ಅಂದರೆ ಸಿಪ್ಪೆ ಸಮೇತದ ಕಾಫಿ ಹಣ್ಣು, ಒಣಗುತ್ತಿತ್ತು. ಮೂಟೆ ಕಟ್ಟಬಹುದಾ ಬೇಡವಾ ಅಂತ ತೀರ್ಮಾನ ಮಾಡುವುದು ತೋಟದ ಲೆಕ್ಕ ಬರೆಯುವ ರೈಟ್ರು. ಒಂದು ಮುಷ್ಟಿ ತೆಗೆದು ಕಿವಿ ಹತ್ತಿರ ಅಲ್ಲಾಡಿಸುತ್ತಾರೆ. ಸಿಪ್ಪೆಯೊಳಗೆ ಬೀಜ ಕಟಕಟ ಅನ್ನಬೇಕು. ಆಮೇಲೆ ಒಂದು ಬೀಜ ಬಿಡಿಸಿ ಹಲ್ಲಲ್ಲಿ ಕಚ್ಚುತ್ತಾರೆ. ನಾನು ಇಂಜಿನಿಯರ್ ಅಲ್ವಾ, ನಗು ಬಂತು. ಹಲ್ಲಿನಿಂದ ತೇವಾಂಶ ಅಳೆಯುವುದಾ!

ಲೆಕ್ಕ ನೋಡಿ. ರೋಬಸ್ಟಾ ಚೆರ್ರಿ ಶೇ. 11 ತೇವಾಂಶಕ್ಕೆ ಒಣಗಿದರೆ ಸಾಕು. ಜಾಸ್ತಿ ತೇವ ಉಳಿದರೆ ಗೋಡೌನಿನಲ್ಲಿ ಬೂಷ್ಟು. ಹೆದರಿಕೊಂಡು ಶೇ. 9ಕ್ಕೆ ಒಣಗಿಸಿದರೆ 50 ಕೆಜಿ ಮೂಟೆಯಲ್ಲಿ ಸುಮಾರು 1.1 ಕೆಜಿ ಹಾರಿಹೋಗುತ್ತದೆ. ನೂರು ಮೂಟೆಗೆ 110 ಕೆಜಿ. ಎರಡು ಮೂಟೆಗಿಂತ ಜಾಸ್ತಿ ಬಿಸಿಲಿಗೆ ದಾನ! ಇವತ್ತಿನ ಕಾಫಿ ರೇಟಲ್ಲಿ ಅದೆಷ್ಟಾಗುತ್ತದೆ ಅಂತ ತೋಟ ಇರುವ ಮನೆಯವರಿಗೆ ಹೇಳಬೇಕಾಗಿಲ್ಲ.

ಒಂದು ತಿಂಗಳಲ್ಲಿ ತೇವಾಂಶ ಅಳೆಯುವ ಮೀಟರ್ ಮಾಡಿದೆ. ತತ್ವ ಸುಲಭ. ಒಂದು ಲೋಟ, ಅದರೊಳಗೆ ಎರಡು ಲೋಹದ ತಗಡು. ನಡುವೆ ಕಾಫಿ ತುಂಬಿದರೆ ಅದೊಂದು ಕೆಪಾಸಿಟರ್, ವಿದ್ಯುತ್ ಚಾರ್ಜ್ ಹಿಡಿದಿಡುವ ಸಾಧನ. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ, ಅಂದರೆ ಆ ಹಿಡಿತವನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಅನ್ನುವ ಅಂಕಿ, ಸುಮಾರು 80. ಒಣ ಬೀಜದ್ದು ಅದರ ಮುಂದೆ ಏನೂ ಅಲ್ಲ. ಹಾಗಾಗಿ ಸ್ವಲ್ಪ ನೀರಿದ್ದರೂ ಕೆಪಾಸಿಟನ್ಸ್ ಏರುತ್ತದೆ. ಅದನ್ನು ಅಳೆದು ಶೇಕಡಾವಾರು ತೋರಿಸಿದರಾಯಿತು. ಕಣದಲ್ಲಿ ಎಲ್ಲರ ಮುಂದೆ ತೋರಿಸಿದೆ. 11.2 ಬಂತು. ರೈಟ್ರು ಒಂದು ಬೀಜ ಕಚ್ಚಿ, "ನಾಳೆ ಒಂದು ಬಿಸಿಲು ಸಾಕು" ಅಂದರು. ಎರಡೂ ಒಂದೇ ಮಾತು. ನನಗೆ ಖುಷಿ. ಅವರಿಗೆ ಏನೂ ಅನ್ನಿಸಲಿಲ್ಲ, ಅವರದ್ದು ಹೇಗೂ ಸರಿ ಇತ್ತಲ್ಲ.

ಮಾವನಿಗೆ ಕೊಟ್ಟೆ. ಅವರು ತಿರುಗಿಸಿ ಮುರುಗಿಸಿ ನೋಡಿ, "ನಂಗೆ ಪರ್ಸೆಂಟ್ ಬೇಡ ಮಾರಾಯ. ಇವತ್ತು ಮೂಟೆ ಕಟ್ಟಬಹುದಾ ಇಲ್ವಾ, ಅಷ್ಟು ಹೇಳು" ಅಂದರು. ಆಗ ಸಿಟ್ಟು ಬಂತು. ಎರಡು ವರ್ಷ ಆದ ಮೇಲೆ ಮೀಟರಿಗೆ ಒಂದು ಹಸಿರು, ಒಂದು ಕೆಂಪು ದೀಪ ಹಾಕಿದೆ. ಅಲ್ಲಿಂದ ಮಾರಾಟ ಆಗತೊಡಗಿತು.

ಆದರೆ ಆ ಮೊದಲ ವರ್ಷದ ಮಾತು ಮುಗಿದಿಲ್ಲ. ಹತ್ತು ಮೀಟರ್ ಮಾಡಿ ಪರಿಚಯದವರಿಗೆ ಕೊಟ್ಟಿದ್ದೆ. ಫೆಬ್ರವರಿಯಲ್ಲಿ ಹತ್ತೂ ಚೆನ್ನಾಗಿದ್ದವು. ಹೊಗಳಿಕೆಯೋ ಹೊಗಳಿಕೆ. ಕೊಯ್ಲು ಮುಗಿಯಿತು. ಎಲ್ಲರೂ ಮೀಟರನ್ನು ಗೋಡೌನಿನಲ್ಲಿ, ಮೈಲುತುತ್ತದ ಚೀಲದ ಪಕ್ಕ, ಕೆಲವರು ಮೇಲೆಯೇ ಇಟ್ಟರು. ಜೂನ್ ಬಂತು. ನಮ್ಮ ಜೂನ್ ಗೊತ್ತಲ್ಲ? ಬೀರುವಿನಲ್ಲಿ ಮಡಚಿಟ್ಟ ಕೋಟ್‌ಗೂ ಬೂಷ್ಟು ಬರುತ್ತದೆ, ಚಪ್ಪಲಿಗೆ ಗಡ್ಡ ಬೆಳೆಯುತ್ತದೆ. ಆರು ತಿಂಗಳು ಯಾರೂ ಅದನ್ನು ಮುಟ್ಟಲಿಲ್ಲ. ಡಿಸೆಂಬರಿನಲ್ಲಿ ಫೋನ್ ಬರಲು ಶುರುವಾಯಿತು.

ಹತ್ತರಲ್ಲಿ ಏಳು ಸತ್ತಿದ್ದವು. ಒಂದರಲ್ಲಿ ಸೆಲ್ ಸೋರಿ ಸ್ಪ್ರಿಂಗ್ ಹಸಿರಾಗಿತ್ತು. ಒಂದರಲ್ಲಿ ಇರುವೆ ಸಂಸಾರ ಹೂಡಿತ್ತು. ಒಂದರ ವಯರನ್ನು ಇಲಿ ತಿಂದಿತ್ತು, ಕೆಂಪು ವಯರ್ ಮಾತ್ರ, ಕಪ್ಪು ಬಿಟ್ಟಿತ್ತು. ಯಾಕೆ ಅಂತ ಇವತ್ತಿಗೂ ಗೊತ್ತಾಗಿಲ್ಲ. ಜೀವಶಾಸ್ತ್ರದವರು ಯಾರಾದರೂ ಇದ್ದರೆ ಊಟಕ್ಕೆ ಸಿಗಿ. ಬದುಕಿದ್ದ ಮೂರು ಇನ್ನೂ ಅಪಾಯ. ಅವು ಸುಳ್ಳು ಹೇಳುತ್ತಿದ್ದವು. ಸತ್ತ ಮೀಟರನ್ನು ಯಾರೂ ನಂಬುವುದಿಲ್ಲ. ಸುಳ್ಳು ಹೇಳುವ ಮೀಟರನ್ನು ನಂಬಿ ಒಬ್ಬರು ಮೂಟೆ ಕಟ್ಟಿದರು. ವ್ಯಾಪಾರಿ ಔಟ್‌ಟರ್ನ್ ತೆಗೆದು, ಅಂದರೆ ಸ್ಯಾಂಪಲ್ ಬಿಡಿಸಿ ಎಷ್ಟು ಬೀಜ ಸಿಗುತ್ತದೆ ಅಂತ ತೂಗಿ, ಕಡಿಮೆ ರೇಟ್ ಹಾಕಿದ. ಅವರು ನನ್ನ ಹತ್ತಿರ ಈಗ ಮಾತಾಡುತ್ತಾರೆ, ಆದರೆ ಮೂರು ವರ್ಷ ಬೇಕಾಯಿತು.

ಆಗ ಒಬ್ಬ ಹಿರಿಯ ಪ್ರೊಫೆಸರ್ ಹತ್ತಿರ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಸ್ಯಾಂಪಲ್ ನೋಡಿದ್ದೀಯ?" ನಾನು ನೋಡಿದ್ದು ಮಾವನ ತೋಟದ ಕಾಫಿ ಮಾತ್ರ. ಒಂದೇ ಕಣ, ಒಂದೇ ಬಿಸಿಲು. ಅರೇಬಿಕಾ ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಕಾಫಿ, ಹಾಕಿದರೆ ಲೆಕ್ಕವೇ ಬೇರೆ. ಮಧ್ಯಾಹ್ನ ಬಿಸಿ ಕಾಫಿ ಹಾಕಿದರೆ ಒಂದು ಅಂಕಿ, ಅದೇ ಕಾಫಿ ಸಂಜೆ ತಣ್ಣಗಾದ ಮೇಲೆ ಇನ್ನೊಂದು. ಲೋಟವನ್ನು ಎರಡು ಸಲ ತಟ್ಟಿ ತುಂಬಿದರೆ ಮತ್ತೊಂದು. ಸರಿಯಾದ ಅಳತೆ ಬೇಕಿದ್ದರೆ ಓವನ್‌ನಲ್ಲಿ 105 ಡಿಗ್ರಿಯಲ್ಲಿ 16 ಗಂಟೆ ಇಟ್ಟು ತೂಕ ನೋಡಬೇಕು, ಹುರಿಯದ ಕಾಫಿ ಬೀಜಕ್ಕೆ ಅಂತರರಾಷ್ಟ್ರೀಯ ಮಾನದಂಡ ಅದು. ಮನೆಯಲ್ಲಿ ಮಾಡಿದೆ. 11ನೇ ಗಂಟೆಗೆ ಕರೆಂಟ್ ಹೋಯಿತು. ಮತ್ತೆ ಮಾಡಿದೆ, ಮತ್ತೆ ಹೋಯಿತು. ಲ್ಯಾಬ್ ಮತ್ತು ಜನರೇಟರ್ ಇರುವ ಕಾಲೇಜಿಗೆ ಪಿಎಚ್‌ಡಿಗೆ ಸೇರಿದ್ದಕ್ಕೆ ಇದೂ ಒಂದು ಕಾರಣ. ಸಂದರ್ಶನದಲ್ಲಿ ಹೀಗೆ ಹೇಳಲಿಲ್ಲ, ಜ್ಞಾನದ ದಾಹ ಅಂತ ಏನೋ ಹೇಳಿದೆ.

ನನಗೆ ಬೇಸರವಾಗುವುದು ಇಲ್ಲೇ. ಉದ್ಯಮದವರು "ಥಿಯರಿ ಬೇಡ ಸಾರ್, ಓಡಿದರೆ ಸಾಕು" ಅನ್ನುತ್ತಾರೆ. ಫೆಬ್ರವರಿಯಲ್ಲಿ ನನ್ನದೂ ಓಡುತ್ತಿತ್ತು! ಯಾಕೆ ಓಡುತ್ತಿದೆ ಅಂತ ಗೊತ್ತಿಲ್ಲದಿದ್ದರೆ, ನಿಂತಾಗ ಯಾಕೆ ನಿಂತಿತು ಅಂತ ಹೇಗೆ ಗೊತ್ತಾಗುತ್ತದೆ? ಕಾಲೇಜಿನವರದ್ದು ಇನ್ನೊಂದು ತರ. ಪೇಪರ್ ಅಚ್ಚಾಯಿತು, ಮುಗಿಯಿತು. ಆ ಯಂತ್ರ ಲ್ಯಾಬಿನ ಕಪಾಟಿಗೆ. ಇಬ್ಬರಿಗೂ ನನ್ನ ಪ್ರಶ್ನೆ ಒಂದೇ. ಜೂನ್‌ನಲ್ಲಿ ಅದು ಎಲ್ಲಿರುತ್ತದೆ?

ಗಿಡಗಳ ಶಿಲೀಂಧ್ರ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಕಥೆ ಹೇಳದೆ ಇರಲಾರೆ. ಇಲ್ಲಿ ಅದನ್ನು ಸಿಂಪಡಿಸದ ಮನೆ ಇಲ್ಲ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ಕತ್ತಿ ಅದ್ದಿ ತೆಗೆದು, ಕೆಂಪು ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ. ಇದು ಬಂದದ್ದು ಫ್ರಾನ್ಸಿನ ಬೋರ್ಡೋದಿಂದ. ಅಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನುತ್ತಿದ್ದರು. ಅದಕ್ಕೆ ತೋಟದವರು ಸುಣ್ಣ, ಮೈಲುತುತ್ತ ಕಲಸಿ ಆ ಸಾಲುಗಳಿಗೆ ಬಳಿದಿದ್ದರು, ನೋಡಿದರೆ ವಿಷ ಅನ್ನಿಸಲಿ ಅಂತ. ನಮ್ಮಲ್ಲಿ ಕಿತ್ತಳೆಗೆ ಹೀಗೆ ಮಾಡಿದ್ದರೆ ಎಷ್ಟೋ ಉಳಿಯುತ್ತಿತ್ತು! 1882ರಲ್ಲಿ ಮಿಲಾರ್ದೆ ಎಂಬ ಸಸ್ಯಶಾಸ್ತ್ರದ ಪ್ರೊಫೆಸರ್ ಆ ದಾರಿಯಲ್ಲಿ ಹೋಗುವಾಗ ನೋಡಿದರು. ತೋಟದ ಒಳಗಿನ ಬಳ್ಳಿಗಳೆಲ್ಲ ರೋಗದಿಂದ ಎಲೆ ಉದುರಿಸಿವೆ, ರಸ್ತೆ ಬದಿಯವು ಮಾತ್ರ ಹಸಿರಾಗಿವೆ. ಅವರು ರಸಾಯನಶಾಸ್ತ್ರದ ಗಾಯೋನ್ ಜೊತೆ ಸೇರಿ ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ನೋಡಿ, ವಸ್ತು ಮೊದಲೇ ತೋಟದಲ್ಲಿತ್ತು. ಕಾರಣ ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಪ್ರೊಫೆಸರ್ ದಾರಿಯಲ್ಲಿ ನಡೆದುಕೊಂಡು ಹೋದದ್ದಕ್ಕೆ ಸಿಕ್ಕಿತು. ಕಾರಲ್ಲಿ ಹೋಗಿದ್ದರೆ ಸಿಗುತ್ತಿರಲಿಲ್ಲ. ಆಗ ಕಾರೂ ಇರಲಿಲ್ಲ ಅನ್ನಿ.

ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗಕ್ಕೆ ಇದನ್ನು ತಂದವರು ಕೆನಡಾದ ಲೆಸ್ಲಿ ಕೋಲ್ಮನ್. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದೂ ಅವರಿಂದಲೇ. ಆದರೆ ಫ್ರಾನ್ಸಿನ ಮಳೆ ಬೇರೆ, ಮಲೆನಾಡಿನ ಮಳೆ ಬೇರೆ. ಬಳಿದದ್ದು ತೊಳೆದು ಹೋಗಬಾರದು ಅಂತ ರಾಳ, ಸೋಡಾ ಕಾಯಿಸಿ ಅಂಟು ಸೇರಿಸುವ ಕ್ರಮ ನಮ್ಮ ಕಡೆ ಬಂತು. ಅದೇ ಪ್ರಶ್ನೆ ಕಣ್ರೀ. ಬೋರ್ಡೋ ದ್ರಾವಣಕ್ಕೂ ಜೂನ್ ಬಿಡಲಿಲ್ಲ.

ಎಷ್ಟು ಹೊತ್ತಾಯಿತು? ಹತ್ತು ನಿಮಿಷ ಅಂತ ಚೀಟಿ ಬಂದಿದೆ. ನನ್ನ ಹತ್ತಿರ ಇನ್ನೂ ನಾಲ್ಕು ಪುಟ ಇದೆ. ಸರಿ, ಓಡಿಸುತ್ತೇನೆ.

ದುಡ್ಡು. ಇದನ್ನು ಉದ್ಯಮದ ತರಗತಿಯಲ್ಲಿ ಯಾರೂ ಹೇಳಿಕೊಡಲಿಲ್ಲ. ನನ್ನ ಮೀಟರ್ ಮಾರಾಟವಾಗುವುದು ನವೆಂಬರಿನಿಂದ ಫೆಬ್ರವರಿವರೆಗೆ. ಕೆಲಸದ ಹುಡುಗರಿಗೆ ಸಂಬಳ ಹನ್ನೆರಡು ತಿಂಗಳೂ ಕೊಡಬೇಕು. ಜೂನ್‌ನಲ್ಲಿ ಎಲ್ಲಿಂದ? ನಾನು ಪಾಠ ಮಾಡಲು ಶುರು ಮಾಡಿದ್ದು ಹೀಗೆ, ಮಳೆಗಾಲದ ಸಂಬಳಕ್ಕೆ. ಆಮೇಲೆ ನೋಡಿದರೆ ಕ್ಯಾಲೆಂಡರ್ ತಾನೇ ಕೂಡಿಕೊಂಡಿತು. ಚಳಿಗಾಲದಲ್ಲಿ ಕಣ, ಮಳೆಗಾಲದಲ್ಲಿ ಲ್ಯಾಬ್ ಮತ್ತು ತರಗತಿ. ಕಣದಲ್ಲಿ ಕೆಟ್ಟದ್ದು ಲ್ಯಾಬಿಗೆ ಪ್ರಶ್ನೆಯಾಗಿ ಬರುತ್ತದೆ, ವಿದ್ಯಾರ್ಥಿಗಳು ಅದನ್ನು ಕೆದಕುತ್ತಾರೆ, ಡಿಸೆಂಬರಿಗೆ ಹೊಸ ಮೀಟರ್ ಹೊರಡುತ್ತದೆ. ಅಮ್ಮನಿಗೆ ಇದನ್ನೇ ವಿವರಿಸಿದೆ. "ಅಂದ್ರೆ ಮಳೆಗಾಲದಲ್ಲಾದ್ರೂ ಕೂರ್ತೀಯ" ಅಂದರು.

ಪೇಟೆಂಟ್. ಬೇಗ ಹೇಳುತ್ತೇನೆ, ಆದರೆ ಬರೆದುಕೊಳ್ಳಿ. ಹೊಸದೇನಾದರೂ ಮಾಡಿದ್ದರೆ ಪೇಪರ್ ಪ್ರಕಟಿಸುವ ಮೊದಲು, ಪ್ರಾಜೆಕ್ಟ್ ಎಕ್ಸಿಬಿಷನ್ ವಿಡಿಯೋ ಹಾಕುವ ಮೊದಲು ಅರ್ಜಿ ಹಾಕಿ. ಮೊದಲು ಲೋಕಕ್ಕೆಲ್ಲ ಹೇಳಿಬಿಟ್ಟರೆ ಸಾಮಾನ್ಯವಾಗಿ ಅದು ಹೊಸದು ಅಂತ ಕಾನೂನು ಒಪ್ಪುವುದಿಲ್ಲ. ತಾತ್ಕಾಲಿಕ ಅರ್ಜಿ ಅಂತ ಇದೆ. ಅದನ್ನು ಕೊಟ್ಟರೆ ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ. ನಾನು ಪೇಪರ್ ಮೊದಲು ಹಾಕಿದೆ. ಲೋಟಕ್ಕೆ ಕಾಫಿ ಒಂದೇ ಸಮ ಬೀಳುವ ಹಾಗೆ ಮಾಡಿದ ಆ ಆಲಿಕೆ ಇವತ್ತು ಯಾರು ಬೇಕಾದರೂ ಮಾಡಬಹುದು. ಮಾಡುತ್ತಲೂ ಇದ್ದಾರೆ.

ಕೊನೆಯದು ಪ್ರಿನ್ಸಿಪಾಲರಿಗೆ. ಸಾರ್, ಫೈನಲ್ ಇಯರ್ ಪ್ರಾಜೆಕ್ಟಿನ ವೈವಾ ಮೇ ತಿಂಗಳಲ್ಲಿ ಆಗುತ್ತದೆ ಅಲ್ವಾ? ಮಕ್ಕಳು ಯಂತ್ರ ತೋರಿಸಿ, ಅಂಕ ತೆಗೆದುಕೊಂಡು, ಮಳೆ ಶುರುವಾಗುವ ಮೊದಲೇ ಪಾರಾಗುತ್ತಾರೆ. ಬಲೇ ಚಾಲಾಕಿಗಳು! ಯೂನಿವರ್ಸಿಟಿ ಕ್ಯಾಲೆಂಡರ್ ಬದಲಿಸಿ ಅನ್ನುತ್ತಿಲ್ಲ. ಆ ಯಂತ್ರಗಳಲ್ಲಿ ಐದನ್ನು ಆರಿಸಿ ಯಾವುದಾದರೂ ತೋಟದ ಗೋಡೌನಿನಲ್ಲಿ ಇಡಿ. ಸೆಪ್ಟೆಂಬರಿನಲ್ಲಿ ಮುಂದಿನ ಬ್ಯಾಚಿನವರು ತೆಗೆಯಲಿ. ಏನು ಕೆಟ್ಟಿದೆ, ಯಾಕೆ ಕೆಟ್ಟಿತು, ಅದೇ ಅವರ ಪ್ರಾಜೆಕ್ಟ್. ಪ್ರತಿ ವರ್ಷ ಸೊನ್ನೆಯಿಂದ ಶುರು ಮಾಡುವುದು ತಪ್ಪುತ್ತದೆ. ಇಂಟರ್‌ನೆಟ್ಟಿಂದ ಪ್ರಾಜೆಕ್ಟ್ ಇಳಿಸಿಕೊಳ್ಳುವುದೂ ತಪ್ಪುತ್ತದೆ, ಇಲಿ ಕಚ್ಚಿದ ವಯರು ಇಂಟರ್‌ನೆಟ್ಟಲ್ಲಿ ಸಿಗುವುದಿಲ್ಲ.

ಚೀಟಿ ಮತ್ತೆ ಬಂತು. ಉಳಿದ ಪುಟ ಬಿಟ್ಟೆ. ಬನ್ನಿ, ಡಬ್ಬಿ ಬಿಚ್ಚೋಣ.

ಗೋಣಿ ಒದ್ದೆ ಇದೆ. ವಾಸನೆ ಮುಂದಿನ ಸಾಲಿಗೆ ಬಂದಿರಬೇಕು. ಡಬ್ಬಿಯ ಹೊರಗೆ ಬೂಷ್ಟು. ಇರುವೆ ಇಲ್ಲ, ಅದೊಂದು ಪುಣ್ಯ. ಸೆಲ್ ಹೊಸದು ಹಾಕುತ್ತಿದ್ದೇನೆ. ಸ್ವಿಚ್... ಹಾಂ, ಬಂತು! ತಡೀರಿ, ಈಗಲೇ ಚಪ್ಪಾಳೆ ಬೇಡ. ಲೋಟ ಖಾಲಿ ಇದೆ, ಸೊನ್ನೆ ತೋರಿಸಬೇಕು. 2.4 ತೋರಿಸುತ್ತಿದೆ. ಒರೆಸಿದೆ. ಈಗಲೂ 2.4.

ಏನೂ ಇಲ್ಲದ ಲೋಟದಲ್ಲಿ ಇದಕ್ಕೆ ಏನು ಕಾಣುತ್ತಿದೆ? ಎಲೆಕ್ಟ್ರಾನಿಕ್ಸ್‌ನವರು ಯಾರಿದ್ದೀರಿ? ನೀವು, ಕನ್ನಡಕ ಹಾಕಿದವರು, ಮೇಲೆ ಬನ್ನಮ್ಮ. ಸ್ಕ್ರೂಡ್ರೈವರ್ ನನ್ನ ಜೇಬಲ್ಲಿದೆ.