ಟೈರಿನ ಮೇಲಿನ ಮೊದಲ ಸಂಖ್ಯೆ

ಕೇಳುಗರೆಲ್ಲರಿಗೂ ನಮಸ್ಕಾರ. ಕಲ್ಲು, ಕೆಸರು, ಮರಳು ಎನ್ನದೆ ಓಡುವ ನಾಲ್ಕು ಚಕ್ರದ ಎಟಿವಿಗೆ ಯಾವ ಅಳತೆಯ ಟೈರು ಮತ್ತು ಯಾವ ಅಳತೆಯ ರಿಮ್ಮು ಹೊಂದುತ್ತವೆ ಎಂಬುದನ್ನು ಈ ಹೊತ್ತು ಹೇಳಬೇಕಾಗಿದೆ. ನಿಮ್ಮಲ್ಲಿ ಹಲವರು ಈಗಾಗಲೇ ದೊಡ್ಡ ಟೈರಿನ ಮೇಲೆ ಮನಸ್ಸಿಟ್ಟು, ನನ್ನಿಂದ ಒಪ್ಪಿಗೆಯನ್ನಷ್ಟೇ ನಿರೀಕ್ಷಿಸುತ್ತಿದ್ದೀರಿ ಎಂಬುದು ನನಗೆ ಗೊತ್ತು. ಆ ಒಪ್ಪಿಗೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಟೈರಿನ ಪಕ್ಕದಲ್ಲಿ 25, 8, 12 ಎಂಬಂತೆ ಮೂರು ಸಂಖ್ಯೆಗಳಿರುತ್ತವೆ. ಗಾಳಿ ತುಂಬಿದ ಟೈರಿನ ಒಟ್ಟು ಎತ್ತರ 25 ಅಂಗುಲ, ಅಗಲ 8 ಅಂಗುಲ, ಒಳಗೆ ಕೂರುವ ರಿಮ್ಮಿನ ವ್ಯಾಸ 12 ಅಂಗುಲ ಎಂದು ಅದರ ಅರ್ಥ. ಕೊಳ್ಳುವವರ ಕಣ್ಣು ಅಗಲದ ಮೇಲೂ ರಿಮ್ಮಿನ ಹೊಳಪಿನ ಮೇಲೂ ಇರುತ್ತದೆ. ಎಂಜಿನ್ನಿಗೆ ತಟ್ಟುವುದು ಮಾತ್ರ ಮೊದಲ ಸಂಖ್ಯೆ. ಟೈರು ಎತ್ತರವಾದಷ್ಟೂ ಆಕ್ಸಲಿನ ಒಂದೊಂದು ಸುತ್ತಿಗೆ ವಾಹನ ಹೆಚ್ಚು ದೂರ ಸಾಗಬೇಕಾಗುತ್ತದೆ. ಸೈಕಲ್ಲಿನಲ್ಲಿ ಭಾರದ ಗೇರು ಹಾಕಿಕೊಂಡು ದಿಣ್ಣೆ ಹತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಗೆಳೆಯರೊಬ್ಬರ ವಾಹನಕ್ಕೆ ಕಂಪನಿಯಿಂದ ಬಂದದ್ದು 25 ಅಂಗುಲದ ಟೈರು. ನನ್ನನ್ನು ಒಂದು ಮಾತೂ ಕೇಳದೆ ಅವರು 28 ಅಂಗುಲದ್ದನ್ನು ಹಾಕಿಸಿಕೊಂಡರು. ನಿಂತಾಗ ವಾಹನ ಗಂಭೀರವಾಗಿ ಕಾಣುತ್ತಿತ್ತು, ಅದನ್ನು ಒಪ್ಪಬೇಕು. ಮೊದಲ ಕೆಸರಿನ ಏರಿನಲ್ಲಿಯೇ ಸುಟ್ಟ ರಬ್ಬರಿನ ವಾಸನೆ ಬಂದು, ಎಂಜಿನ್ನಿನ ಶಕ್ತಿಯನ್ನು ಚಕ್ರಗಳ ಕಡೆಗೆ ಸಾಗಿಸುವ ಬೆಲ್ಟು ಜಾರಿ ಜಾರಿ ಕರಕಲಾಯಿತು. ಬೆಲ್ಟೇ ಕಳಪೆ ಎಂದು ತೀರ್ಮಾನಿಸಿ ಅವರು ಹೊಸದನ್ನು ಹಾಕಿಸಿದರು. ಎರಡು ವಾರದಲ್ಲಿ ಅದೂ ಹೋಯಿತು. ಮೂರನೆಯ ಬೆಲ್ಟನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಬಳಿ ಬಂದಾಗ, ನಾನು ಬೆಲ್ಟನ್ನು ನೋಡಲೇ ಇಲ್ಲ. ಟೈರಿಗೂ ನೆಲಕ್ಕೂ ಸುಣ್ಣದಕಡ್ಡಿಯಿಂದ ಗೆರೆ ಎಳೆದು, ವಾಹನವನ್ನು ಚಕ್ರದ ಒಂದು ಸುತ್ತಿನಷ್ಟು ಮುಂದೆ ತಳ್ಳಿಸಿ ಟೇಪು ಹಿಡಿದೆ. ಲೆಕ್ಕದಂತೆ ಹಳೆಯ ಟೈರಿನ ಸುತ್ತಳತೆ ಸುಮಾರು ಎಪ್ಪತ್ತೆಂಟೂವರೆ ಅಂಗುಲ, ಹೊಸದರದ್ದು 88. ಸುತ್ತೊಂದಕ್ಕೆ ಶೇಕಡಾ 12ರಷ್ಟು ಹೆಚ್ಚು ದೂರ, ಅದೇ ಎಂಜಿನ್ನು, ಅದೇ ಬೆಲ್ಟು. ಸ್ಪೀಡೋಮೀಟರ್ 40 ತೋರಿಸುವಾಗ ಅವರು ಸುಮಾರು 45ರಲ್ಲಿ ಹೋಗುತ್ತಿದ್ದರು. ಹ್ಯಾಂಡಲ್ಲನ್ನು ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡನ್ನು ಉಜ್ಜುತ್ತಿತ್ತು; ಅದು ಹೊಸ ವಾಹನದ ಸದ್ದು ಎಂದು ಅವರು ಭಾವಿಸಿದ್ದರು! ಇಷ್ಟೆಲ್ಲ ಪಾಡುಪಟ್ಟು ನೆಲದಿಂದ ಅವರಿಗೆ ಸಿಕ್ಕ ಹೆಚ್ಚುವರಿ ಎತ್ತರ ಒಂದೂವರೆ ಅಂಗುಲ ಮಾತ್ರ, ಏಕೆಂದರೆ ಟೈರು ಬೆಳೆದುದರಲ್ಲಿ ಅರ್ಧದಷ್ಟೇ ಆಕ್ಸಲು ಮೇಲೇರುತ್ತದೆ. ಕೊನೆಗೆ ಅವರು 26 ಅಂಗುಲಕ್ಕೆ ಇಳಿದರು. ಮೂರನೆಯ ಬೆಲ್ಟು ಇನ್ನೂ ಓಡುತ್ತಿದೆ.

ಆದ್ದರಿಂದ ಮೊದಲ ಸಂಖ್ಯೆಯನ್ನು ನೋಡಿ. ಕಂಪನಿ ಕೊಟ್ಟ ಎತ್ತರಕ್ಕಿಂತ ಒಂದು ಅಂಗುಲ ಏರಿಸಿ, ಬೇಕೇ ಬೇಕೆಂದರೆ ಎರಡು. ಅದಕ್ಕೂ ಮೇಲೆ ಹೋಗುವವರು ಆ ಬೆಲ್ಟನ್ನು ಹಿಡಿದು ತಿರುಗಿಸುವ ಕ್ಲಚ್ಚಿನ ಸ್ಪ್ರಿಂಗುಗಳನ್ನೂ ತೂಕಗಳನ್ನೂ ಬದಲಿಸಲು ಸಿದ್ಧರಾಗಿರಬೇಕು.

ಹೊತ್ತು ಮೀರುತ್ತಿರುವುದರಿಂದ ರಿಮ್ಮಿನ ವಿಷಯವನ್ನು ಬೇಗ ಮುಗಿಸುತ್ತೇನೆ. 27 ಅಂಗುಲದ ಟೈರಿಗೆ 12ರ ಬದಲು 14 ಅಂಗುಲದ ರಿಮ್ಮು ಹಾಕಿದರೆ, ರಿಮ್ಮಿನಿಂದ ಹೊರಗೆ ಉಳಿಯುವ ಟೈರಿನ ಎತ್ತರ ಏಳೂವರೆಯಿಂದ ಆರೂವರೆ ಅಂಗುಲಕ್ಕೆ ಇಳಿಯುತ್ತದೆ. ತಿರುವಿನಲ್ಲಿ ವಾಹನ ಬಿಗಿಯಾಗಿ ನಿಲ್ಲುತ್ತದೆಯಾದರೂ ಕಲ್ಲಿನ ಪೆಟ್ಟು ರಿಮ್ಮಿಗೆ ಬೇಗ ಮುಟ್ಟುತ್ತದೆ. ಕಲ್ಲುದಾರಿಯವರಿಗೆ 12 ಸಾಕು. ನಾಲ್ಕು ಬೋಲ್ಟುಗಳು ಕೂರುವ ವೃತ್ತದ ವ್ಯಾಸವನ್ನು ಅಂದಾಜು ಮಾಡಿ ರಿಮ್ಮು ಕೊಳ್ಳಬೇಡಿ. 110, 137, 156 ಮಿಲಿಮೀಟರ್ ಎಂಬ ಅಳತೆಗಳು ಬೇರೆ ಬೇರೆ ಕಂಪನಿಗಳಲ್ಲಿ ಬಳಕೆಯಲ್ಲಿದ್ದು, ಒಂದರ ರಿಮ್ಮು ಇನ್ನೊಂದಕ್ಕೆ ಕೂರುವುದಿಲ್ಲ.

ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವ ವಾಹನವಾದರೆ, ಹಿಂದಿನ ಟೈರು ಅಗಲವಾಗಿರಬಹುದು, ಆದರೆ ಹಿಂದುಮುಂದಿನ ಎತ್ತರಗಳ ನಡುವೆ ಕಂಪನಿ ಇಟ್ಟ ಹೊಂದಿಕೆ ತಪ್ಪಬಾರದು. ಇಲ್ಲಿಯೂ ನೋಡಬೇಕಾದದ್ದು ಮೊದಲ ಸಂಖ್ಯೆಯೇ. ಹೊಸ ಟೈರುಗಳನ್ನು ಹಾಕಿಸಿದ ದಿನವೇ ಗಾಳಿಯನ್ನು ಕಂಪನಿ ಹೇಳಿದ ಒತ್ತಡಕ್ಕೆ ತಂದು, ಸುಣ್ಣದಕಡ್ಡಿಯಿಂದ ಗೆರೆ ಎಳೆದು, ಮುಂದಿನ ಚಕ್ರ ಮತ್ತು ಹಿಂದಿನ ಚಕ್ರ ಒಂದು ಸುತ್ತಿಗೆ ಎಷ್ಟು ದೂರ ಹೋಗುತ್ತವೆ ಎಂದು ಟೇಪು ಹಿಡಿದು ನೋಡಿರಿ. ನಮಸ್ಕಾರ.